ಜಪಾನಿನ ಕುಜು ಪಿಷ್ಟ: ಕೊಡುವ ದುಡ್ಡು ಯಾವುದಕ್ಕೆ?

ಬೆಂಗಳೂರಿನಲ್ಲಿ ಆಮದು ದಿನಸಿ ಇಡುವ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಈಗ ಜಪಾನಿನ ಕುಜು ಸಿಗುತ್ತದೆ. ಕಾಡುಬಳ್ಳಿಯೊಂದರ ಬೇರಿನಿಂದ ತೆಗೆದ ಪಿಷ್ಟ ಇದು. ಅದರ 100 ಗ್ರಾಂ ಪೊಟ್ಟಣದ ದುಡ್ಡಿಗೆ ಕರಾವಳಿಯ ಕೂವೆ ಹಿಟ್ಟು ಹಲವು ಪಟ್ಟು ಬರುತ್ತದೆ. ಹಾಗಾಗಿ ಮೊದಲು ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ‘ಹೊನ್‌ಕುಜು’ ಎಂದರೆ ಪೂರ್ತಿ ಕುಜು ಬೇರಿನದೇ. ಬರೀ ‘ಕುಜು’ ಎಂದಿದ್ದರೆ ಸಿಹಿಗೆಣಸಿನ ಪಿಷ್ಟ ಬೆರೆತಿರಬಹುದು, ಪಟ್ಟಿಯಲ್ಲಿ ಅದು ಕಾಣಿಸುತ್ತದೆ. ಅಪ್ಪಟ ಮಾಲು ಸಾಮಾನ್ಯವಾಗಿ ನುಣ್ಣನೆ ಪುಡಿಯಾಗಿರುವುದಿಲ್ಲ, ಸೀಮೆಸುಣ್ಣ ಮುರಿದಂತೆ ಅಡ್ಡಾದಿಡ್ಡಿ ಬಿಳಿ ಹೆಂಟೆಗಳಾಗಿರುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ಮುಗ್ಗಲು ವಾಸನೆ ಇರಬಾರದು.

ಬೆಲೆಗೆ ಕಾರಣ ಕೆಲಸ. ನಾರಾ ಪ್ರಾಂತ್ಯದ ಯೋಶಿನೋ ಭಾಗ ಇದಕ್ಕೆ ಹೆಸರುವಾಸಿ. ಚಳಿಗಾಲದಲ್ಲಿ ಬೇರು ಅಗೆದು, ಜಜ್ಜಿ, ತಣ್ಣೀರಲ್ಲಿ ಕದಡಿ, ಪಿಷ್ಟ ತಳಕ್ಕೆ ಕೂತ ಮೇಲೆ ಮೇಲಿನ ಕಂದು ನೀರು ಚೆಲ್ಲುತ್ತಾರೆ. ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿ, ನೆರಳಲ್ಲಿ ನಿಧಾನವಾಗಿ ಒಣಗಿಸುತ್ತಾರೆ. 100 ಕೆಜಿ ಬೇರಿಗೆ 10 ಕೆಜಿ ಪಿಷ್ಟ ಸಿಕ್ಕರೆ ಹೆಚ್ಚು. ನಮ್ಮಲ್ಲಿ ಕೂವೆ ಗೆಡ್ಡೆ ತುರಿದು, ಸೋಸಿ, ನೀರು ಬಸಿದು ಹಿಟ್ಟು ಮಾಡುವವರಿಗೆ ಈ ವಿಧಾನ ಹೊಸದಲ್ಲ.

ಆರೋಗ್ಯದ ವಿಷಯದಲ್ಲಿ ಗೊಂದಲ ಹುಟ್ಟುವುದು ಆ ಚೆಲ್ಲಿದ ನೀರಿನ ಬಳಿಯೇ. ಕುಜು ಬೇರಿನಲ್ಲಿ ಪ್ಯೂರಾರಿನ್, ಡೈಡ್ಜೀನ್‌ನಂಥ ಐಸೋಫ್ಲೇವೋನ್ ಎಂಬ ಸಸ್ಯಾಂಶಗಳಿವೆ, ನಿಜ. ಜಪಾನಿನಲ್ಲಿ ಶೀತದ ಆರಂಭಕ್ಕೆ ಕುಡಿಯುವ ಕಕ್ಕೊಂತೋ ಔಷಧಿಗೆ ಹಾಕುವುದು ಈ ಬೇರಿನ ಚೂರುಗಳನ್ನೇ. ಅದರಲ್ಲಿ ಎಫೆಡ್ರಾ ಎಂಬ ಮೂಲಿಕೆ, ಚಕ್ಕೆ, ಶುಂಠಿ, ಜೇಷ್ಠಮಧು ಕೂಡ ಇರುತ್ತವೆ. ಎಫೆಡ್ರಾ ರಕ್ತದೊತ್ತಡ ಏರಿಸಬಲ್ಲದು. ಆದರೆ ತೊಳೆದು ತೊಳೆದು ಬೆಳ್ಳಗೆ ಮಾಡಿದ ಪಿಷ್ಟದಲ್ಲಿ ಆ ಅಂಶಗಳು ಹೇಳಿಕೊಳ್ಳುವಷ್ಟು ಉಳಿಯುವುದಿಲ್ಲ. ಪೊಟ್ಟಣದಲ್ಲಿರುವುದು ಹೆಚ್ಚೂಕಡಿಮೆ ಶುದ್ಧ ಕಾರ್ಬೋಹೈಡ್ರೇಟ್: ನಾರಿಲ್ಲ, ಪ್ರೋಟೀನ್ ನಾಮಮಾತ್ರ, ಗ್ಲುಟೆನ್ ಇಲ್ಲ. ಬೇರಿನ ಮೇಲೆ ನಡೆದ ಸಂಶೋಧನೆಯನ್ನು ಪಿಷ್ಟದ ಜಾಹೀರಾತಿಗೆ ಅಂಟಿಸುವುದು ತಪ್ಪು. ಸಕ್ಕರೆ ಕಾಯಿಲೆಯವರು ಇದನ್ನು ಅನ್ನ, ಗಂಜಿಯ ಲೆಕ್ಕಕ್ಕೇ ಸೇರಿಸಬೇಕು.

ಹಾಗಾದರೆ ಪ್ರಯೋಜನವೇ ಇಲ್ಲವೇ? ಇದೆ. ಜ್ವರ ಬಿಟ್ಟ ಮೇಲೆ, ಹೊಟ್ಟೆ ಕೆಟ್ಟಾಗ, ಗಂಟಲು ನೋಯುವಾಗ ಬಿಸಿಬಿಸಿಯಾಗಿ ಸಲೀಸಾಗಿ ಇಳಿಯುವ ಆಹಾರ ಇದು. ಆ ಕೆಲಸವನ್ನು ಕೂವೆ ಗಂಜಿಯೂ ಅಷ್ಟೇ ಚೆನ್ನಾಗಿ ಮಾಡುತ್ತದೆ. ಭೇದಿಯಾಗುತ್ತಿದ್ದರೆ ಮೊದಲು ಬೇಕಾದದ್ದು ಓಆರ್‌ಎಸ್, ಗಂಜಿ ಆಮೇಲೆ.

ಈ ಗಂಜಿಗೆ ಜಪಾನಿನಲ್ಲಿ ಕುಜುಯು ಎನ್ನುತ್ತಾರೆ. ಒಬ್ಬರಿಗೆ 10 ಗ್ರಾಂ ಕುಜು, 200 ಮಿಲಿ ನೀರು. ಹೆಂಟೆ ಪುಡಿ ಮಾಡಿ ಮೊದಲು 50 ಮಿಲಿ ತಣ್ಣೀರಲ್ಲಿ ಪೂರ್ತಿ ಕದಡಿ, ಸೋಸಿ. ಬಿಸಿ ನೀರಿಗೆ ನೇರ ಹಾಕಿದರೆ ಹೊರಪದರ ತಕ್ಷಣ ಬೆಂದು ಒಳಗೆ ಹಸಿ ಹಿಟ್ಟು ಉಳಿಯುತ್ತದೆ, ಆ ಗಂಟು ಆಮೇಲೆ ಏನು ಮಾಡಿದರೂ ಒಡೆಯದು. ಉಳಿದ ನೀರು ಸೇರಿಸಿ ಮಧ್ಯಮ ಉರಿಯಲ್ಲಿ ತಿರುವಿ. ಹಾಲಿನ ಬಣ್ಣ ಹೋಗಿ ಗಾಜಿನಂತೆ ತಿಳಿಯಾದ ಮೇಲೂ ಒಂದು ನಿಮಿಷ ಬಿಡಿ. ಬೇಗ ಇಳಿಸಿದರೆ ನಾಲಿಗೆಗೆ ಸುಣ್ಣದ ಪುಡಿ ತಾಗಿದಂತಾಗುತ್ತದೆ. ತುರಿದ ಶುಂಠಿ, ಬೆಲ್ಲ ಸಾಕು. ಒಂದು ವರ್ಷದೊಳಗಿನ ಮಗುವಿಗೆ ಕೊಡುವುದಾದರೆ ಜೇನು ಹಾಕಲೇಬಾರದು. ಉಮೆಬೋಶಿ ಎಂಬ ಉಪ್ಪಿನಲ್ಲಿಟ್ಟ ಹಣ್ಣು, ಸೋಯಾ ಸಾಸ್ ಬೆರೆಸಿದ ಖಾರದ ಬಗೆಯೂ ಇದೆ. ಹಳೆಯ ಕ್ರಮದಲ್ಲಿ ಹಾಕಿದ ಉಮೆಬೋಶಿಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಉಪ್ಪೇ, ಬಿಪಿ ಇರುವವರಿಗೆ ಅದು ಬೇಡ.

ಕುಜು ತನ್ನ ಬೆಲೆಯನ್ನು ನಿಜವಾಗಿ ತೀರಿಸುವುದು ಗೋಮಾದೋಫುವಿನಲ್ಲಿ, ಅಂದರೆ ಎಳ್ಳು, ಕುಜು ಬೇಯಿಸಿ ಗಟ್ಟಿ ಮಾಡಿ ತುಂಡು ಕತ್ತರಿಸುವ ತಿನಿಸಿನಲ್ಲಿ. ಬೌದ್ಧ ಮಠಗಳ ಅಡುಗೆ, ಕೋಯಾ ಪರ್ವತದಲ್ಲಿ ಪ್ರಸಿದ್ಧ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ನಮ್ಮ ಮನೆಗಳಿಗೂ ಸಲ್ಲುತ್ತದೆ. ಸಿಪ್ಪೆ ತೆಗೆದ ಬಿಳಿ ಎಳ್ಳು 50 ಗ್ರಾಂ ಬಣ್ಣ ತಿರುಗದಂತೆ ಬೆಚ್ಚಗೆ ಹುರಿದು, ಬಿಸಿಯಿರುವಾಗಲೇ ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ಅರೆಯಿರಿ. ಕುಜು 50 ಗ್ರಾಂ, ನೀರು 450 ಮಿಲಿ, ಚಿಟಿಕೆ ಉಪ್ಪು ಸೇರಿಸಿ ಸೋಸಿ ಒಲೆಗಿಡಿ. ತಳದಲ್ಲಿ ಗಂಟು ಕಟ್ಟತೊಡಗಿದ ಕೂಡಲೇ ಕೆಳಗಿಳಿಸಿ ಬಿರುಸಾಗಿ ತಿರುವಿ ಸಮ ಮಾಡಿ, ಆಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಕೈಬಿಡದೆ ಮಗುಚಿ. ಐದೇ ನಿಮಿಷಕ್ಕೆ ಗಟ್ಟಿಯಾದಂತೆ ಕಂಡು ಇಳಿಸಿಬಿಡುವುದು ಸಾಮಾನ್ಯ ತಪ್ಪು. ಆಗ ಆರಿದ ಮೇಲೆ ಮುರಿಯುತ್ತದೆ, ಹಿಗ್ಗುವುದಿಲ್ಲ. ಒದ್ದೆ ಮಾಡಿದ ಡಬ್ಬಿಗೆ ಸುರಿದು, ಡಬ್ಬಿಯನ್ನು ತಣ್ಣೀರಲ್ಲಿ ಒಂದೆರಡು ಗಂಟೆ ಇಡಿ. ಕತ್ತರಿಸಿದ ತುಂಡು ಚಮಚದಲ್ಲಿ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಫ್ರಿಜ್ಜಿನಲ್ಲಿ ರಾತ್ರಿ ಕಳೆದರೆ ಪಿಷ್ಟ ಬೆಳ್ಳಗೆ ಬಿರುಸಾಗುತ್ತದೆ, ಅಂದಂದೇ ತಿನ್ನಬೇಕು. ಇದೇ ಅಳತೆಗೆ ಕೂವೆ ಹಾಕಿದರೆ ಮೃದುವಾಗಿ ನಿಲ್ಲುತ್ತದೆ, ಆ ಪುಟಿತ ಬರುವುದಿಲ್ಲ. ಕಾರ್ನ್‌ಫ್ಲೋರ್ ಅಂತೂ ಕಸ್ಟರ್ಡ್ ಆಗಿಬಿಡುತ್ತದೆ.

ಪಟ್ಟಿಪಟ್ಟಿಯಾಗಿ ಕತ್ತರಿಸಿ ಪಾಕದೊಂದಿಗೆ ತಿನ್ನುವ ಕುಜುಕಿರಿಗೆ ತಟ್ಟೆ ಇಡ್ಲಿಯ ತೂತಿಲ್ಲದ ತಟ್ಟೆ ಹೇಳಿ ಮಾಡಿಸಿದ ಪಾತ್ರೆ. 50 ಗ್ರಾಂ ಕುಜು 100 ಮಿಲಿ ನೀರಲ್ಲಿ ಕದಡಿ, ತಟ್ಟೆಗೆ 2 ಮಿಲಿಮೀಟರ್ ದಪ್ಪ ಹೊಯ್ದು, ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಿನ ಮೇಲೆ ತೇಲಿಸಿ. ಪ್ರತಿ ತಟ್ಟೆಗೂ ಮುನ್ನ ಕದಡಿಕೊಳ್ಳಿ, ಪಿಷ್ಟ ತಳ ಹಿಡಿಯುತ್ತಿರುತ್ತದೆ. ಮೇಲ್ಮೈ ಹರಿಯುವುದು ನಿಂತಾಗ ಪೂರ್ತಿ ಮುಳುಗಿಸಿ, ತಿಳಿಯಾದ ಕೂಡಲೇ ತಣ್ಣೀರಿಗೆ ಹಾಕಿ ಸುಲಿದು ಪಟ್ಟಿಪಟ್ಟಿಯಾಗಿ ಕತ್ತರಿಸಿ. ಅಲ್ಲಿ ಕಪ್ಪು ಸಕ್ಕರೆಯ ಪಾಕ ಹಾಕುತ್ತಾರೆ, ಮಲೆನಾಡಿನ ಜೋನಿಬೆಲ್ಲ ಅದಕ್ಕಿಂತ ಒಂದು ಕೈ ಮೇಲು.

ಗ್ರಂಧಿಗೆ ಅಂಗಡಿಯ ವಿದಾರಿಕಂದದ ಪುಡಿ ಇದಕ್ಕೆ ಬದಲಿ ಅಲ್ಲ. ಬಳ್ಳಿ ಹತ್ತಿರದ ಸಂಬಂಧಿಯೇ, ಆದರೆ ಅದು ಇಡೀ ಗೆಡ್ಡೆಯ ಪುಡಿ, ತಿಳಿಯಾಗಿ ಗಟ್ಟಿಯಾಗದು. ಬಿಡಿಯಾಗಿ ಮಾರುವ ‘ಆರಾರೂಟ್’ ಕೂಡ ಎಷ್ಟೋ ಸಲ ಮರಗೆಣಸಿನ ಅಥವಾ ಮೆಕ್ಕೆಜೋಳದ ಪಿಷ್ಟವಾಗಿರುತ್ತದೆ.

ಸಾರು, ಗ್ರೇವಿ ದಪ್ಪ ಮಾಡಲು, ಮಕ್ಕಳ ಗಂಜಿಗೆ ಕುಜು ತರಬೇಡಿ, ಕೂವೆ ಹಿಟ್ಟು ಧಾರಾಳ ಸಾಕು. ಗೋಮಾದೋಫು, ಕುಜುಕಿರಿ ಮಾಡುವ ಮನಸ್ಸಿದ್ದರೆ ಹೊನ್‌ಕುಜುವಿನ 100 ಗ್ರಾಂ ಪೊಟ್ಟಣ ಒಂದು ತನ್ನಿ, ಎರಡೂ ಒಂದೊಂದು ಸಲ ಆಗುತ್ತವೆ. ಮಳೆಗಾಲದಲ್ಲಿ ಗಾಳಿಯಾಡದ ಗಾಜಿನ ಡಬ್ಬಿಗೆ ಹಾಕಿ, ಇಂಗು, ಸಾರಿನ ಪುಡಿಗಳಿಂದ ದೂರ ಇಡಿ. ಪಕ್ಕದ ವಾಸನೆಯನ್ನು ಇದು ಬೇಗ ಹೀರಿಕೊಳ್ಳುತ್ತದೆ.