ನ್ಯೂಯಾರ್ಕ್ ನಗರದ ಪಾರ್ಕಿಂಗ್ ಟಿಕೆಟ್ ತಕರಾರು ಸೇವೆ: ಹೊಸ ಟಿಕೆಟ್‌ಗೆ ಸಲೀಸು, ಹಳೆಯದಕ್ಕೆ ಕಸರತ್ತು

ಎಡಿಸನ್, ಜೆರ್ಸಿ ಸಿಟಿ ಕಡೆಯಿಂದ ಶನಿವಾರ ಮ್ಯಾನ್‌ಹಟನ್ನಿಗೆ ಕಾರು ಒಯ್ಯುವ ಕನ್ನಡಿಗರಿಗೆ ವೈಪರ್ ಕೆಳಗಿನ ಕಿತ್ತಳೆ ಬಣ್ಣದ ಲಕೋಟೆಯ ಪರಿಚಯ ಇದ್ದೇ ಇರುತ್ತದೆ. ಅದನ್ನು ಗ್ಲವ್ ಬಾಕ್ಸಿಗೆ ತುರುಕಿ ಮರೆತರೆ ಏನಾಗುತ್ತದೆ, ಆಮೇಲೆ ಅದರ ಮೇಲೆ ತಕರಾರು ಹಾಕಲು ನಗರ ಕೊಟ್ಟಿರುವ ವ್ಯವಸ್ಥೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದರ ವಿಮರ್ಶೆ ಇದು.

ಟಿಕೆಟ್ ಬರೆಯುವುದು ಹೆಚ್ಚಾಗಿ ಪೊಲೀಸ್ ಇಲಾಖೆಯ ಟ್ರಾಫಿಕ್ ಏಜೆಂಟರು. ತಕರಾರು ಕೇಳುವುದು ನಗರದ ಹಣಕಾಸು ಇಲಾಖೆ. ದಂಡ ವಸೂಲು ಮಾಡುವವರೇ ತೀರ್ಪನ್ನೂ ಕೊಡುತ್ತಾರೆ ಎಂದಾಗ ಬೇಲಿಯೇ ಹೊಲ ಮೇಯ್ದಂತೆ ಅನ್ನಿಸುವುದು ಸಹಜ. ಆದರೆ ವಿಚಾರಣೆ ನಡೆಸುವ ಆಡಳಿತ ನ್ಯಾಯಾಧೀಶರು ವಕೀಲರು, ಮತ್ತು ಕೆಲವು ತಪ್ಪುಗಳು ಟಿಕೆಟ್ ಮೇಲೆ ಕಂಡರೆ ರದ್ದು ಮಾಡದೆ ಅವರಿಗೆ ದಾರಿಯೇ ಇಲ್ಲ. ತಕರಾರಿಗೆ ಶುಲ್ಕವಿಲ್ಲ. ವೆಬ್‌ಸೈಟ್, ‘ಎನ್‌ವೈಸಿ ಪಾರ್ಕಿಂಗ್ ಪೇ ಆರ್ ಡಿಸ್ಪ್ಯೂಟ್’ ಆ್ಯಪ್, ಅಂಚೆ, ಇಲ್ಲವೇ ಖುದ್ದು ಹಾಜರಿ, ಇಷ್ಟು ದಾರಿಗಳಿವೆ. ಮ್ಯಾನ್‌ಹಟನ್ನಿನ ಕಚೇರಿ 66 ಜಾನ್ ಸ್ಟ್ರೀಟ್‌ನಲ್ಲಿದೆ.

ಮೊದಲು ದಿನಗಳ ಲೆಕ್ಕ. ಟಿಕೆಟ್ ಬರೆದ ದಿನದಿಂದ 30 ದಿನದೊಳಗೆ ದುಡ್ಡು ಕಟ್ಟಬೇಕು ಅಥವಾ ತಕರಾರು ಹಾಕಬೇಕು. ಅದು ದಾಟಿದರೆ 10 ಡಾಲರ್, ಇನ್ನೂ 30 ದಿನ ಕಳೆದರೆ ಮತ್ತೆ 20, ಅದರ ಮೇಲೂ 30 ದಿನ ಕಳೆದರೆ ಮತ್ತೆ 30 ಡಾಲರ್ ಸೇರುತ್ತದೆ. ಒಟ್ಟು 60. ಬೆಂಕಿ ನಂದಿಸುವ ಹೈಡ್ರಂಟ್ ಮುಂದೆ ನಿಲ್ಲಿಸಿದ್ದಕ್ಕೆ ಬಿದ್ದ 115 ಡಾಲರ್ ಹೀಗೆ 125, 145, ಕೊನೆಗೆ 175 ಆಗುತ್ತದೆ. ರಸ್ತೆ ಗುಡಿಸುವ ದಿನ ಕಾರು ತೆಗೆಯದಿದ್ದಕ್ಕೆ ಬ್ರೂಕ್ಲಿನ್ ಅಥವಾ ಕ್ವೀನ್ಸ್‌ನಲ್ಲಿ ಬೀಳುವ 45 ಡಾಲರ್ ಇನ್ನೂ ಕೆಟ್ಟದಾಗಿ ಬೆಳೆದು 105ಕ್ಕೆ ಹೋಗುತ್ತದೆ. ತಡದಂಡ ಎಲ್ಲ ಟಿಕೆಟ್‌ಗೂ ಒಂದೇ ಆದ್ದರಿಂದ ಸಣ್ಣ ಟಿಕೆಟ್ಟೇ ಹೆಚ್ಚು ಕಚ್ಚುತ್ತದೆ. ಸುಮಾರು 100 ದಿನಕ್ಕೆ ಗೈರುಹಾಜರಿ ತೀರ್ಪು, ಅಂದರೆ ಉತ್ತರ ಕೊಡಲಿಲ್ಲವೆಂದು ನಿಮ್ಮ ವಿರುದ್ಧ ಬರುವ ತೀರ್ಪು, ದಾಖಲಾಗುತ್ತದೆ. ಅಲ್ಲಿಂದ ವರ್ಷಕ್ಕೆ ಶೇ. 9 ಬಡ್ಡಿ. 175 ಡಾಲರಿನ ಮೇಲೆ ವರ್ಷಕ್ಕೆ 15 ಡಾಲರ್ 75 ಸೆಂಟ್.

ಬಡ್ಡಿಗಿಂತ ಅಪಾಯದ್ದು 350 ಡಾಲರಿನ ಗೆರೆ. ತೀರ್ಪಾದ ಟಿಕೆಟ್‌ಗಳ ಬಾಕಿ ಅಷ್ಟು ಮುಟ್ಟಿದರೆ ಕಾರಿಗೆ ಬೂಟ್ (ಚಕ್ರ ಕದಲದಂತೆ ಹಾಕುವ ಬೀಗ) ಹಾಕಬಹುದು, ಎತ್ತಿಕೊಂಡೂ ಹೋಗಬಹುದು. ಕ್ಯಾಮೆರಾ ಟಿಕೆಟ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ. ‘ನಮ್ಮದು ನ್ಯೂಜೆರ್ಸಿ ಪ್ಲೇಟು, ಏನೂ ಮಾಡಲ್ಲ’ ಎಂದು ಧೈರ್ಯ ಹೇಳುವ ಗೆಳೆಯರಿದ್ದಾರೆ. ಬೀದಿಯಲ್ಲಿ ಪ್ಲೇಟ್ ಸ್ಕ್ಯಾನ್ ಮಾಡುತ್ತಾ ಹೋಗುವ ವಾಹನಕ್ಕೆ ಯಾವ ರಾಜ್ಯದ ಪ್ಲೇಟಾದರೂ ಒಂದೇ.

30 ದಿನದೊಳಗಿನ ಟಿಕೆಟ್‌ಗೆ ಆನ್‌ಲೈನ್ ಸೇವೆ ನಿಜಕ್ಕೂ ಚೆನ್ನಾಗಿದೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಹತ್ತು ಅಂಕಿಯ ಟಿಕೆಟ್ ಸಂಖ್ಯೆ ಅಥವಾ ಪ್ಲೇಟ್ ಸಂಖ್ಯೆ ಹಾಕಿದರೆ ದಾಖಲೆ ತೆರೆದುಕೊಳ್ಳುತ್ತದೆ. ಮೂಲ ಕಾಗದ ಕಳೆದಿದ್ದರೂ ಟಿಕೆಟ್‌ನ ಸ್ಕ್ಯಾನ್ ಪ್ರತಿ ನೋಡಬಹುದು. ವಾದ ಬರೆದು, ಫೋಟೊ ಏರಿಸಿ ಕಳಿಸಿದರೆ ಆಯಿತು. ‘ಪೇ’ ಗುಂಡಿ ಒತ್ತುವ ಮುಂಚೆ ಯೋಚಿಸಿ: ದುಡ್ಡು ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ.

ಹಳೆಯ ಟಿಕೆಟ್‌ಗೆ ಇದೇ ಸೇವೆ ಬೇರೆ ಮುಖ ತೋರಿಸುತ್ತದೆ. 30 ದಾಟಿ ತೀರ್ಪಾಗುವುದರೊಳಗಿದ್ದರೆ ತಕರಾರಿಗೆ ಅಡ್ಡಿಯಿಲ್ಲ, ಆದರೆ ಸೋತರೆ ಅಷ್ಟರಲ್ಲಿ ಸೇರಿದ ತಡದಂಡವನ್ನೂ ಕಟ್ಟಬೇಕು. ತೀರ್ಪಾದ ಮೇಲೆ ಒಂದು ವರ್ಷದ ಕಿಟಕಿ ಇದೆ. ಅದರೊಳಗೆ ಅರ್ಜಿ ಹಾಕುವವರು ಎರಡನ್ನು ತೋರಿಸಬೇಕು: ಸಮಯಕ್ಕೆ ಉತ್ತರ ಕೊಡದಿದ್ದಕ್ಕೆ ಒಪ್ಪುವಂಥ ಕಾರಣ, ಮತ್ತು ಟಿಕೆಟ್ ವಿರುದ್ಧ ಗಟ್ಟಿಯಾದ ವಾದ. ಹೆಚ್ಚಿನವರು ಮೊದಲನೆಯದನ್ನು ಎರಡು ಪುಟ ಬರೆದು ಎರಡನೆಯದನ್ನು ಬಿಟ್ಟೇಬಿಡುತ್ತಾರೆ. ‘ಊರಿಗೆ ಹೋಗಿದ್ದೆ, ನೋಟಿಸ್ ನೋಡಲಿಲ್ಲ’ ಎಂಬುದಕ್ಕೆ ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸ್ ಜೊತೆಗಿದ್ದರೆ ತೂಕ. ಮನೆ ಬದಲಿಸಿದ್ದರಿಂದ ನೋಟಿಸ್ ಬರಲಿಲ್ಲ ಎನ್ನುವವರು ಒಂದು ನೆನಪಿಡಬೇಕು: ನೋಟಿಸ್ ಹೋಗುವುದು ನೋಂದಣಿಯ ವಿಳಾಸಕ್ಕೆ, ಮತ್ತು ನ್ಯೂಜೆರ್ಸಿಯಲ್ಲಿ ವಿಳಾಸ ಬದಲಾದ ಒಂದು ವಾರದೊಳಗೆ ಮೋಟಾರು ವಾಹನ ಇಲಾಖೆಗೆ ತಿಳಿಸುವುದು ಕಡ್ಡಾಯ. ತಿಳಿಸದೆ ಇದ್ದವರ ಕಾರಣ ಅವರಿಗೇ ತಿರುಗಿಬೀಳುತ್ತದೆ.

ಗಟ್ಟಿ ವಾದ ಎಲ್ಲಿ ಸಿಗುತ್ತದೆ? ಮೊದಲು ಟಿಕೆಟ್‌ನ ಮುಖದ ಮೇಲೆಯೇ ಹುಡುಕಿ. ಹಳೆಯ ಟಿಕೆಟ್‌ಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ರಸ್ತೆಯ ಸಾಕ್ಷ್ಯ ಮಾಸಿದರೂ ಕಾಗದ ಮಾಸುವುದಿಲ್ಲ. ನ್ಯೂಯಾರ್ಕ್ ರಾಜ್ಯದ ವಾಹನ ಮತ್ತು ಸಂಚಾರ ಕಾಯ್ದೆಯ 238ನೇ ವಿಭಾಗದ ಪ್ರಕಾರ ಪ್ಲೇಟ್ ಸಂಖ್ಯೆ, ಪ್ಲೇಟ್‌ನ ಬಗೆ, ನೋಂದಣಿ ಮುಗಿಯುವ ದಿನಾಂಕ, ಕಾರಿನ ಕಂಪನಿ ಅಥವಾ ಮಾಡೆಲ್, ಬಾಡಿಯ ಬಗೆ ಇರಲೇಬೇಕು. ಜೊತೆಗೆ ಯಾವ ನಿಯಮ, ಅದು ಜಾರಿಯಲ್ಲಿರುವ ದಿನ ಮತ್ತು ಗಂಟೆ, ಘಟನೆಯ ದಿನಾಂಕ, ಸಮಯ, ನಿರ್ದಿಷ್ಟ ಜಾಗವೂ ಬೇಕು. ಕಡ್ಡಾಯವಾದದ್ದು ಬಿಟ್ಟುಹೋಗಿದ್ದರೆ, ತಪ್ಪಾಗಿದ್ದರೆ, ಓದಲಾಗದಂತಿದ್ದರೆ ಟಿಕೆಟ್ ರದ್ದಾಗಬೇಕು. ವಾಹನದ ಗುರುತಿನ ವಿವರ ತಪ್ಪಾಗಿದ್ದರೆ ರದ್ದು ಕಡ್ಡಾಯ ಎಂದು 1984ರಲ್ಲಿ ರೈಡರ್ ಟ್ರಕ್ ರೆಂಟಲ್ ಪ್ರಕರಣದಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೇ ಹೇಳಿದೆ. ನೋಂದಣಿ ಪತ್ರದ ಪ್ರತಿ ಲಗತ್ತಿಸಿ, ತಪ್ಪನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ಆದರೆ ಸಿಕ್ಕಿದ್ದೆಲ್ಲ ತಪ್ಪಲ್ಲ. ಕಾರಿನ ಬಣ್ಣ ಆ ಪಟ್ಟಿಯಲ್ಲೇ ಇಲ್ಲ. ಬೂದು ಕಾರನ್ನು ನೀಲಿ ಎಂದು ಬರೆದರೂ ಅದರಿಂದ ಟಿಕೆಟ್ ಬಿದ್ದುಹೋಗದು. ಎಸ್‌ಯುವಿಗೆ ‘ಎಸ್‌ಯುಬಿಎನ್’ ಎಂದು ಬರೆದದ್ದು ಕಂಡು ಹಿಗ್ಗುವವರಿದ್ದಾರೆ. ಅದು ಸಬರ್ಬನ್ ಬಾಡಿಗೆ ನ್ಯೂಯಾರ್ಕ್ ಬಳಸುವ ಸಂಕೇತ, ಏನೂ ತಪ್ಪಿಲ್ಲ. ನ್ಯೂಜೆರ್ಸಿ ಪ್ಲೇಟಿನವರಿಗೆ ಸೂಕ್ಷ್ಮವಾದದ್ದು ನೋಂದಣಿ ಮುಗಿಯುವ ದಿನಾಂಕ. ಪ್ಲೇಟಿನಲ್ಲಾಗಲಿ ಸ್ಟಿಕರಿನಲ್ಲಾಗಲಿ ಅದು ಕಾಣದಿದ್ದರೆ ಏಜೆಂಟ್ ಅದನ್ನು ಬರೆಯದೆ ಬಿಡಬಹುದು, ಆದರೆ ‘ಕಾಣಿಸುತ್ತಿಲ್ಲ’ ಎಂಬುದನ್ನು ಟಿಕೆಟ್ ಮೇಲೆ ನಮೂದಿಸಲೇಬೇಕು ಎನ್ನುತ್ತದೆ ಅದೇ ವಿಭಾಗ. ಆ ಜಾಗ ಬರೀ ಖಾಲಿ ಇದ್ದರೆ ನಿಮಗೆ ವಾದವಿದೆ, ಅದಕ್ಕೊಂದು ಸಂಕೇತ ಬರೆದಿದ್ದರೆ ಇಲ್ಲ.

ಸಮಯವನ್ನೂ ನೋಡಿ. ಮೀಟರ್ ಮುಗಿದ ಮೇಲೆ, ರಸ್ತೆ ಗುಡಿಸುವ ಅವಧಿ ಶುರುವಾದ ಮೇಲೆ ಐದು ನಿಮಿಷದ ರಿಯಾಯಿತಿ ಇದೆ. ಫಲಕದಲ್ಲಿ 8ಕ್ಕೆ ಶುರು ಎಂದಿದ್ದು ಟಿಕೆಟ್ ಮೇಲೆ 8:03 ಎಂದಿದ್ದರೆ ಅದನ್ನೇ ಬರೆಯಿರಿ, ಬೇರೆ ಕಥೆ ಬೇಡ.

ಅತಿ ಹೆಚ್ಚು ಸೋಲುವ ವಾದ ‘ಫಲಕ ಇರಲಿಲ್ಲ’ ಎಂಬುದು. ಕಾರಿನ ಪಕ್ಕದ ಕಂಬದ ಫೋಟೊ ತೆಗೆದು ಕಳಿಸಿದರೆ ಪ್ರಯೋಜನವಿಲ್ಲ. ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗಿನ ಪಾದಚಾರಿ ಮಾರ್ಗದಲ್ಲಿ ಎಲ್ಲಾದರೂ ಒಂದು ಫಲಕವಿದ್ದರೂ ಅದು ಸಾಕಷ್ಟು ಸೂಚನೆ ಎಂದು ನಗರದ ನಿಯಮ ಹೇಳುತ್ತದೆ. ಹಾಗಾಗಿ ಆ ಬದಿಯುದ್ದಕ್ಕೂ, ಎರಡೂ ದಿಕ್ಕಿನಿಂದ, ತುದಿಗಳ ರಸ್ತೆ ಹೆಸರು ಕಾಣುವಂತೆ ಫೋಟೊ ಬೇಕು. ಹಳೆಯ ಟಿಕೆಟ್ ಸೋಲುವುದು ಇಲ್ಲೇ: ಇವತ್ತು ತೆಗೆದ ಫೋಟೊ ಅಂದಿನ ಫಲಕವನ್ನು ತೋರಿಸುವುದಿಲ್ಲ. ತಿಂಗಳು ನಮೂದಾಗಿರುವ ಗೂಗಲ್ ಸ್ಟ್ರೀಟ್ ವ್ಯೂ ಹಳೆಯ ಚಿತ್ರ ಸಿಕ್ಕರೆ ಲಗತ್ತಿಸಿ. ಹೈಡ್ರಂಟ್ ಬಳಿ ದಂಡೆಗೆ ಬಣ್ಣ ಬಳಿದಿರಲಿಲ್ಲ ಎಂಬ ವಾದವೂ ಹಾಗೇ ಬೀಳುತ್ತದೆ. ನಿಯಮ ಇರುವುದು 15 ಅಡಿ ದೂರದ ಬಗ್ಗೆ, ಬಣ್ಣದ ಬಗ್ಗೆಯಲ್ಲ. ‘ಎರಡೇ ನಿಮಿಷ ನಿಲ್ಲಿಸಿದ್ದೆ’, ‘ಮಗುವಿಗೆ ಹುಷಾರಿರಲಿಲ್ಲ’ ಎಂಬುವಕ್ಕೆ ಸಹಾನುಭೂತಿ ಸಿಕ್ಕೀತು, ರದ್ದತಿ ಸಿಗುವುದು ಕಷ್ಟ.

ಕಾರು ಮಾರಿದ ಮೇಲೆ ಬಂದ ಟಿಕೆಟ್‌ಗೆ ಪ್ಲೇಟ್ ಹಿಂದಿರುಗಿಸಿದ ರಸೀತಿಯೇ ಮುಖ್ಯ ಆಸರೆ. ಕಳುವಾಗಿದ್ದ ಕಾರಿಗೆ ಪೊಲೀಸ್ ವರದಿ. ಗೆಳೆಯ ಓಡಿಸಿದ್ದು ಎಂಬುದು ಲೆಕ್ಕಕ್ಕಿಲ್ಲ, ಹೊಣೆ ನೋಂದಾಯಿತ ಮಾಲೀಕರದು.

ಕಮಿಷನ್ ಮೇಲೆ ಟಿಕೆಟ್ ಹೊಡೆದಾಡಿಕೊಡುವ ಖಾಸಗಿ ಕಂಪನಿಗಳೂ ಇವೆ. ತಿಂಗಳಿಗೆ ಹತ್ತಾರು ಟಿಕೆಟ್ ಬೀಳುವ ಡೆಲಿವರಿ ವ್ಯಾನಿನವರಿಗೆ ಅವು ಸರಿ. ಮನೆಯ ಒಂದು ಕಾರಿನ ಒಂದು ಟಿಕೆಟ್‌ಗೆ ಅವರು ಮಾಡುವುದನ್ನು ನೀವೇ ಅರ್ಧ ಗಂಟೆಯಲ್ಲಿ ಮಾಡಬಹುದು. ಇನ್ನು ‘ಬಾಕಿ ಟಿಕೆಟ್ ಇದೆ, ಈಗಲೇ ಕಟ್ಟಿ’ ಎಂಬ ಮೊಬೈಲ್ ಸಂದೇಶದ ಕೊಂಡಿ ಒತ್ತಬೇಡಿ. ನಗರದ ಅಧಿಕೃತ ತಾಣವನ್ನು ನೀವೇ ತೆರೆದು ಪ್ಲೇಟ್ ಸಂಖ್ಯೆ ಹಾಕಿ ನೋಡಿ.

ತೀರ್ಪು ವಿರುದ್ಧವಾಗಿ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದನ್ನು ಕೇಳುವ ಮಂಡಳಿ ಹೊಸ ಸಾಕ್ಷ್ಯ ನೋಡುವುದಿಲ್ಲ. ಮೊದಲ ವಿಚಾರಣೆಗೆ ಕೊಟ್ಟಿದ್ದಷ್ಟನ್ನೇ ನೋಡುತ್ತದೆ. ‘ಸದ್ಯಕ್ಕೆ ಎರಡು ಸಾಲು ಬರೆಯೋಣ, ಫೋಟೊ ಮೇಲ್ಮನವಿಯಲ್ಲಿ ಹಾಕೋಣ’ ಎಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ. ಅಲ್ಲೂ ಸೋತರೆ ನಾಲ್ಕು ತಿಂಗಳೊಳಗೆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ (ಹೆಸರು ಹಾಗಿದ್ದರೂ ನ್ಯೂಯಾರ್ಕ್‌ನಲ್ಲಿ ಅದು ವಿಚಾರಣಾ ಹಂತದ ನ್ಯಾಯಾಲಯ) ‘ಆರ್ಟಿಕಲ್ 78’ ಅರ್ಜಿ, ಅಂದರೆ ಸರಕಾರಿ ಇಲಾಖೆಯ ತೀರ್ಮಾನವನ್ನು ಪ್ರಶ್ನಿಸುವ ಅರ್ಜಿ, ಹಾಕುವ ದಾರಿಯಿದೆ. ಅದರ ಖರ್ಚಿನ ಮುಂದೆ 175 ಡಾಲರ್ ಏನೂ ಅಲ್ಲ. ವಾದವೇ ಇಲ್ಲದ ಹಳೆಯ ಟಿಕೆಟ್‌ಗಳು ಗುಡ್ಡೆ ಬಿದ್ದಿದ್ದರೆ ಇಲಾಖೆಯ ಕಂತಿನ ಯೋಜನೆ ಕೇಳಿ. ಬೂಟ್ ಬೀಳುವ ಮುಂಚೆ ಕೇಳಿದರೆ ಅದರ ಖರ್ಚಾದರೂ ಉಳಿಯುತ್ತದೆ.