ಅರವತ್ತು ಡಾಲರಿನ ಹೊಸ ಆಟಗಾರನಿಗೆ ಪೋಕರ್‌ಸ್ಟಾರ್ಸ್ ಎಷ್ಟು ಒಗ್ಗುತ್ತದೆ?

ಆನ್‌ಲೈನ್ ಪೋಕರ್ ತಾಣಗಳ ಬಗ್ಗೆ ಬರುವ ಹೆಚ್ಚಿನ ವಿಮರ್ಶೆಗಳು ಸ್ವಾಗತ ಬೋನಸ್ಸಿನಿಂದ ಆರಂಭವಾಗಿ ದೊಡ್ಡ ಟೂರ್ನಮೆಂಟುಗಳ ಬಹುಮಾನದ ಮೊತ್ತದಲ್ಲಿ ಮುಗಿಯುತ್ತವೆ. ಹೊಸದಾಗಿ ಆಡಲು ಕೂರುವವನಿಗೆ ಇವೆರಡೂ ಮುಖ್ಯವಲ್ಲ. ಆಟಕ್ಕೆಂದೇ ತೆಗೆದಿಟ್ಟ, ಪೂರ್ತಿ ಹೋದರೂ ಮನೆ ಬಾಡಿಗೆಗಾಗಲಿ ಮಕ್ಕಳ ಫೀಸಿಗಾಗಲಿ ಕೊರತೆಯಾಗದ ಸಣ್ಣ ಮೊತ್ತವನ್ನೇ ಪೋಕರ್ ಆಡುವವರು ಬ್ಯಾಂಕ್‌ರೋಲ್ ಎನ್ನುತ್ತಾರೆ. ಆ ಮೊತ್ತ ಅವನು ಆಟ ಕಲಿಯುವಷ್ಟು ಕಾಲ ಉಳಿಯುವಂತೆ ತಾಣವು ನೆರವಾಗುತ್ತದೆಯೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಾನು, ಇಲ್ಲಿ ಪರವಾನಗಿ ಪಡೆದು ನಡೆಯುವ ಪೋಕರ್‌ಸ್ಟಾರ್ಸ್ ತಾಣವನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನೋಡಿದ್ದೇನೆ.

ಊರಿನ ಓದುಗರಿಗೆ ಮೊದಲೇ ಒಂದು ಮಾತು ಹೇಳಬೇಕು. ಇಂಥ ಆಟಗಳ ಮೇಲೆ ರಾಜ್ಯ ಸರ್ಕಾರ ತಂದಿದ್ದ ನಿಷೇಧವನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದು ನಿಜ. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆಯು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು, ಅವು ಕೌಶಲದವೋ ಅದೃಷ್ಟದವೋ ಎಂಬ ಭೇದ ಮಾಡದೆ, ಇಡೀ ದೇಶದಲ್ಲಿ ನಿಷೇಧಿಸಿದೆ. ಆದ್ದರಿಂದ ಈ ವಿಮರ್ಶೆ ಬ್ರಿಟನ್ನಿನಲ್ಲಿ ವಾಸವಾಗಿರುವ, 18 ವರ್ಷ ತುಂಬಿದ ಕನ್ನಡಿಗರಿಗಾಗಿ ಬರೆದದ್ದು.

ತಾಣದ ಅತಿ ಸಣ್ಣ ಕ್ಯಾಶ್ ಟೇಬಲ್ಲಿನಲ್ಲಿ ಬ್ಲೈಂಡುಗಳು, ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಕಡ್ಡಾಯವಾಗಿ ಕಟ್ಟಬೇಕಾದ ಸಣ್ಣ ಮತ್ತು ದೊಡ್ಡ ಪಣಗಳು, ಒಂದು ಸೆಂಟ್ ಮತ್ತು ಎರಡು ಸೆಂಟ್. ಆಟಕ್ಕೆ ಕೂರಲು ಕಟ್ಟುವ ಹಣವೇ ಬೈ-ಇನ್; ನೂರು ದೊಡ್ಡ ಬ್ಲೈಂಡುಗಳ ಪೂರ್ತಿ ಬೈ-ಇನ್ ತೆಗೆದುಕೊಂಡರೂ ಮುಂದಿಡಬೇಕಾದ್ದು 2 ಡಾಲರ್ ಮಾತ್ರ. ಹೊಸಬನ ದೃಷ್ಟಿಯಿಂದ ಈ ತಾಣದ ದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ. ಮೂವತ್ತು ಬೈ-ಇನ್‌ಗಳನ್ನು ಕೈಯಲ್ಲಿಟ್ಟುಕೊಂಡು ಆರಂಭಿಸಬೇಕೆಂದರೆ ಇಲ್ಲಿ ಬೇಕಾಗುವುದು 60 ಡಾಲರ್. ಎರಡು ಮತ್ತು ಐದು ಸೆಂಟಿನ ಟೇಬಲ್ಲಿನಿಂದ ಆರಂಭಿಸಬೇಕಾಗಿದ್ದರೆ ಅದೇ ಲೆಕ್ಕದಲ್ಲಿ 150 ಡಾಲರ್ ಬೇಕಾಗುತ್ತಿತ್ತು.

ಮೂವತ್ತು ಬೈ-ಇನ್ ಅತಿಯಾಯಿತು ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಪಣಕ್ಕೆ ಮಿತಿಯಿಲ್ಲದ ಪೋಕರ್ ಬಗೆಯಾದ ನೋ ಲಿಮಿಟ್ ಹೋಲ್ಡೆಮ್ ಆಟದಲ್ಲಿ ನೂರು ಕೈಗಳಿಗೆ (ಒಮ್ಮೆ ಎಲೆ ಹಂಚಿ ಆಡುವುದು ಒಂದು ಕೈ) ಸರಾಸರಿ ಐದು ದೊಡ್ಡ ಬ್ಲೈಂಡ್ ಗೆಲ್ಲುವವನು ಒಳ್ಳೆಯ ಆಟಗಾರನೇ ಸರಿ. ಅಂಥವನು ಹತ್ತು ಸಾವಿರ ಕೈ ಆಡಿದರೆ ಐನೂರು ಬ್ಲೈಂಡ್, ಅಂದರೆ ಐದು ಬೈ-ಇನ್ ಗೆಲ್ಲಬೇಕು. ಆದರೆ ಈ ಆಟದ ಏರಿಳಿತದ ಪ್ರಮಾಣಿತ ವಿಚಲನೆ, ಅಂದರೆ ಫಲಿತಾಂಶ ಸರಾಸರಿಯಿಂದ ಸಾಮಾನ್ಯವಾಗಿ ಅತ್ತಿತ್ತ ಸರಿಯುವ ಪ್ರಮಾಣ, ನೂರು ಕೈಗಳಿಗೆ ಸುಮಾರು ತೊಂಬತ್ತು ಬ್ಲೈಂಡ್ ಇರುತ್ತದೆ. ಹತ್ತು ಸಾವಿರ ಕೈಗಳಿಗೆ ಅದು ಒಂಬೈನೂರು ಬ್ಲೈಂಡಿಗೆ, ಅಂದರೆ ಒಂಬತ್ತು ಬೈ-ಇನ್‌ಗೆ ಬೆಳೆಯುತ್ತದೆ. ಹೀಗಾಗಿ ಚೆನ್ನಾಗಿ ಆಡಿದವನೂ ಆ ಅವಧಿಯ ಕೊನೆಯಲ್ಲಿ ನಾಲ್ಕು ಬೈ-ಇನ್ ಕಳೆದುಕೊಂಡು ಕೂತಿರುವುದು ಅಚ್ಚರಿಯ ಸಂಗತಿಯಲ್ಲ, ಅದಕ್ಕಿಂತ ಕೆಟ್ಟದ್ದಾಗುವುದೂ ಅಪರೂಪವಲ್ಲ. ಹತ್ತೇ ಬೈ-ಇನ್ ಇಟ್ಟುಕೊಂಡು ಬಂದವನು ತನ್ನ ಆಟ ಸರಿಯೋ ತಪ್ಪೋ ಎಂದು ತಿಳಿಯುವ ಮೊದಲೇ ಖಾಲಿಯಾಗಬಹುದು. ಇನ್ನು ಹೊಸಬನು ಮೊದಲ ದಿನದಿಂದಲೇ ಗೆಲ್ಲುವ ಆಟಗಾರನೂ ಆಗಿರುವುದಿಲ್ಲ, ಮತ್ತು ಸೋಲುವ ಆಟವನ್ನು ಯಾವ ಬ್ಯಾಂಕ್‌ರೋಲ್ ನಿಯಮವೂ ಗೆಲುವಾಗಿಸಲಾರದು. ಅದು ಕಲಿಯಲು ಸಮಯವನ್ನಷ್ಟೇ ಕೊಡುತ್ತದೆ.

ಪಾಟ್‌ನಿಂದ, ಅಂದರೆ ಒಂದು ಕೈಯಲ್ಲಿ ಎಲ್ಲರೂ ಕಟ್ಟಿದ ಪಣದ ಒಟ್ಟು ಮೊತ್ತದಿಂದ, ತಾಣವು ಕಡಿದುಕೊಳ್ಳುವ ರೇಕ್ ಎಂಬ ಶುಲ್ಕ ಎಲ್ಲ ಕಡೆಯಂತೆ ಇಲ್ಲೂ ಇದೆ. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆಗಳು, ಬೀಳುವ ಮೊದಲೇ ಕೈ ಮುಗಿದರೆ ರೇಕ್ ಇಲ್ಲ. ಸಣ್ಣ ಟೇಬಲ್ಲುಗಳಲ್ಲಿ ಪ್ರತಿ ಪಾಟ್‌ಗೂ ಇರುವ ಗರಿಷ್ಠ ಮಿತಿಯನ್ನು ಮುಟ್ಟುವುದು ಅಪರೂಪವಾದ್ದರಿಂದ, ಬ್ಲೈಂಡುಗಳ ಲೆಕ್ಕದಲ್ಲಿ ಸಣ್ಣ ಆಟಗಾರನಿಗೇ ಅದರ ಭಾರ ಹೆಚ್ಚು.

ತಾಣದ ಮುಖಪುಟದಲ್ಲಿ ಕಣ್ಣಿಗೆ ಮೊದಲು ಬೀಳುವ ಆಟಗಳ ವಿಷಯದಲ್ಲಿ ಮಾತ್ರ ನನಗೆ ಗಟ್ಟಿಯಾದ ಆಕ್ಷೇಪವಿದೆ. ಸ್ಪಿನ್ ಅಂಡ್ ಗೋ ಎನ್ನುವುದು ಮೂವರು ಆಡುವ ಪುಟ್ಟ ಟೂರ್ನಮೆಂಟ್. ಬಹುಮಾನ ಬೈ-ಇನ್ನಿನ ಎಷ್ಟು ಪಟ್ಟು ಎಂಬುದು ಆಟ ಆರಂಭವಾಗುವಾಗ ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಬಹುತೇಕ ಬೀಳುವುದು ಕಡಿಮೆ ಗುಣಕಗಳೇ. ಎರಡು ಪಟ್ಟು ಬಿದ್ದಾಗ ಮೂವರು ಕಟ್ಟಿದ ಹಣದಲ್ಲಿ ಎರಡೇ ಪಾಲು ಬಹುಮಾನಕ್ಕೆ ಬರುತ್ತದೆ, ಉಳಿದದ್ದು ಅಪರೂಪದ ದೊಡ್ಡ ಬಹುಮಾನಗಳಿಗೂ ತಾಣದ ಪಾಲಿಗೂ ಸೇರುತ್ತದೆ. ಆ ದೊಡ್ಡ ಗುಣಕ ತನಗೆ ಬೀಳುವವರೆಗೆ ಮೂವತ್ತು ಬೈ-ಇನ್ನಿನ ಹೊಸಬ ಉಳಿದಿರುವ ಭರವಸೆಯೇ ಇಲ್ಲ. ಝೂಮ್ ಟೇಬಲ್ಲುಗಳಲ್ಲಿ ಎಲೆ ಬಿಟ್ಟ ಕೂಡಲೇ ಬೇರೆ ಆಟಗಾರರ ನಡುವೆ ಹೊಸ ಕೈ ಸಿಗುತ್ತದೆ. ಗಂಟೆಗೆ ಆಡುವ ಕೈಗಳು ಹೆಚ್ಚುತ್ತವೆ, ಅಷ್ಟೇ ವೇಗವಾಗಿ ಹಣವೂ ಏರಿಳಿಯುತ್ತದೆ, ಎದುರಾಳಿಯನ್ನು ಗಮನಿಸಿ ಕಲಿಯುವ ಅವಕಾಶ ಮಾತ್ರ ಉಳಿಯುವುದಿಲ್ಲ. ಟೇಬಲ್ಲಿನಲ್ಲಿ ಹಣ ಕಡಿಮೆಯಾದಾಗ ತಾನಾಗಿಯೇ ತುಂಬಿಕೊಡುವ ಆಟೋ ರೀಬೈ ಸೌಲಭ್ಯವನ್ನೂ ಹೊಸಬರು ಬಳಸಬಾರದು. ಒಂದು ಬೈ-ಇನ್ ಹೋದ ಮೇಲೆ ಇನ್ನೊಂದನ್ನು ಹಾಕುವುದೋ ಎದ್ದು ಹೋಗುವುದೋ ಎಂದು ಯೋಚಿಸುವ ಆ ಒಂದು ನಿಮಿಷ ಆಟಗಾರನ ಕೈಯಲ್ಲೇ ಇರಬೇಕು.

ಹಣ ನಿಭಾಯಿಸುವ ನಿಯಮಗಳಲ್ಲಿ ಹೆಸರಾದದ್ದು ಅಮೆರಿಕದ ಆಟಗಾರ ಕ್ರಿಸ್ ಫರ್ಗ್ಯುಸನ್ ಅವರದು. ಒಂದು ಸೆಂಟೂ ಕಟ್ಟದೆ, ಪ್ರವೇಶ ಶುಲ್ಕವಿಲ್ಲದ ಟೂರ್ನಮೆಂಟುಗಳಿಂದ ಆರಂಭಿಸಿ, ಅವರು ಹತ್ತು ಸಾವಿರ ಡಾಲರಿನವರೆಗೆ ಬೆಳೆಸಿ ತೋರಿಸಿದರು. ಅವರ ನಿಯಮಗಳು ಹೀಗಿದ್ದವು: ಕ್ಯಾಶ್ ಆಟಕ್ಕೆ ಒಟ್ಟು ಹಣದ ಶೇಕಡಾ 5ಕ್ಕಿಂತ ಹೆಚ್ಚು, ಹಲವು ಟೇಬಲ್ಲುಗಳ ಟೂರ್ನಮೆಂಟಿಗೆ ಶೇಕಡಾ 2ಕ್ಕಿಂತ ಹೆಚ್ಚು ಹಾಕಬಾರದು. ಟೇಬಲ್ಲಿನಲ್ಲಿರುವ ಹಣ ಗೆಲುವಿನಿಂದ ಒಟ್ಟು ಮೊತ್ತದ ಶೇಕಡಾ 10 ದಾಟಿದರೆ, ಬ್ಲೈಂಡ್ ತನ್ನ ಸರದಿಗೆ ಬರುವಾಗ ಎದ್ದುಬಿಡಬೇಕು. ಮೂರನೆಯ ನಿಯಮವನ್ನು ಪಾಲಿಸುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಅದೇ ಮೂರರಲ್ಲೂ ಅಮೂಲ್ಯವಾದದ್ದು, ಏಕೆಂದರೆ ಗೆದ್ದ ಹಣವನ್ನೂ ಅದು ಆಟಗಾರನ ಸ್ವಂತ ಹಣವೆಂದೇ ಎಣಿಸುತ್ತದೆ.

ಈ ಪ್ರಯೋಗ ನಡೆದದ್ದು ಫುಲ್ ಟಿಲ್ಟ್ ಪೋಕರ್ ಎಂಬ ತಾಣದಲ್ಲಿ. ಫರ್ಗ್ಯುಸನ್ ಆ ಕಂಪನಿಯ ನಿರ್ದೇಶಕರಲ್ಲೊಬ್ಬರೂ ಆಗಿದ್ದರು. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ತಾಣಗಳ ಮೇಲೆ ಕ್ರಮ ಕೈಗೊಂಡಾಗ, ಆಟಗಾರರಿಗೆ ಮರಳಿಸುವಷ್ಟು ಹಣ ಫುಲ್ ಟಿಲ್ಟ್ ಬಳಿ ಇಲ್ಲವೆಂಬುದು ಹೊರಬಿತ್ತು. ಪೋಕರ್‌ಸ್ಟಾರ್ಸ್ ಮೇಲೂ ಅದೇ ದಿನ ಮೊಕದ್ದಮೆ ಬಂದಿತ್ತು, ಆದರೆ ಅದು ಅಮೆರಿಕದ ಆಟಗಾರರ ಹಣವನ್ನು ಕೆಲವೇ ವಾರಗಳಲ್ಲಿ ಮರಳಿಸತೊಡಗಿತು. 2012ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಫುಲ್ ಟಿಲ್ಟ್‌ನ ಆಸ್ತಿಯನ್ನು ಪಡೆದು, ಅಮೆರಿಕದ ಹೊರಗಿನ ಫುಲ್ ಟಿಲ್ಟ್ ಆಟಗಾರರ ಬಾಕಿ 184 ದಶಲಕ್ಷ ಡಾಲರನ್ನು ತೀರಿಸುವ ಹೊಣೆಯನ್ನೂ ಹೊತ್ತಿತು. ಶೇಕಡಾ ಲೆಕ್ಕ ತಪ್ಪದೆ ಆಡಿದವನ ಹಣವೂ ಅದನ್ನು ಇಟ್ಟುಕೊಂಡ ಸಂಸ್ಥೆ ಕುಸಿದರೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ತಾಣಗಳು ಆಟಗಾರರ ಹಣಕ್ಕೆ ತಾವು ದಿವಾಳಿಯಾದಾಗ ಯಾವ ಮಟ್ಟದ ರಕ್ಷಣೆಯಿದೆ ಎಂಬುದನ್ನು ನಿಯಮಾವಳಿಯಲ್ಲಿ ಬರೆದಿರಲೇಬೇಕು. ಬೋನಸ್ಸಿನ ಷರತ್ತುಗಳಿಗಿಂತ ಮೊದಲು ಆ ಸಾಲನ್ನು ಹುಡುಕಿ ಓದಬೇಕು. ಅಗತ್ಯಕ್ಕಿಂತ ಹೆಚ್ಚು ಹಣವನ್ನು ಯಾವ ತಾಣದ ಖಾತೆಯಲ್ಲೂ ಬಿಡಬಾರದು.

ಮಿತಿಗಳ ವಿಷಯದಲ್ಲಿ ಕಾನೂನೂ ತಾಣವೂ ಹೊಸಬನ ಪರವಾಗಿವೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಎಷ್ಟು ಹಣ ಹಾಕಬಹುದೆಂಬ ಮಿತಿಯನ್ನು ಆಟಗಾರನೇ ಹೊಂದಿಸಿಕೊಳ್ಳಬಹುದು; ಅದನ್ನು ಏರಿಸಬೇಕೆಂದರೆ ಕನಿಷ್ಠ 24 ಗಂಟೆ ಕಾದು ಮತ್ತೊಮ್ಮೆ ಖಚಿತಪಡಿಸಬೇಕು. ಆಟ ಕೈಮೀರಿದೆ ಎನಿಸಿದವರು ಗ್ಯಾಮ್‌ಸ್ಟಾಪ್‌ನಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ, ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷಗಳ ಕಾಲ ಇಲ್ಲಿನ ಪರವಾನಗಿಯ ಎಲ್ಲ ಆನ್‌ಲೈನ್ ತಾಣಗಳೂ ಅವರಿಗೆ ಮುಚ್ಚುತ್ತವೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ನಿಗದಿತ ಬ್ಲೈಂಡಿಗಿಂತ ದೊಡ್ಡ ಟೇಬಲ್ಲಿನಲ್ಲಿ ತಾನು ಕೂರದಂತೆ ಆಟಗಾರನೇ ಬೀಗ ಹಾಕಿಕೊಳ್ಳುವ ವ್ಯವಸ್ಥೆ. ಮೂರು ಬೈ-ಇನ್ ಕಳೆದುಕೊಂಡ ರಾತ್ರಿ ಅದನ್ನು ಒಂದೇ ಏಟಿಗೆ ಗಳಿಸಲು ದೊಡ್ಡ ಟೇಬಲ್ಲಿಗೆ ಹೋಗುವುದರಿಂದಲೇ ಹೆಚ್ಚಿನ ಬ್ಯಾಂಕ್‌ರೋಲ್‌ಗಳು ಮುಗಿಯುತ್ತವೆ. ಈ ಮಿತಿ ಖಾತೆಯಲ್ಲಿರುವ ಹಣವನ್ನು ನೋಡಿ ತಾನಾಗಿ ಬದಲಾಗುವುದಿಲ್ಲವಾದ್ದರಿಂದ, 60 ಡಾಲರ್ ಹಾಕುವವನು ಅದನ್ನು ಒಂದು-ಎರಡು ಸೆಂಟಿಗೆ ನಿಲ್ಲಿಸಿ, ಮೊತ್ತ 150 ಡಾಲರ್ ಮುಟ್ಟಿದ ಮೇಲಷ್ಟೇ ಬದಲಿಸಲಿ. ಸ್ಪಿನ್ ಅಂಡ್ ಗೋಗಳಿಗೆ ಮಿತಿಯನ್ನು ಪ್ರತ್ಯೇಕವಾಗಿ ಹೊಂದಿಸಬೇಕು. ಈ ಎರಡೂ ಕೆಲಸಗಳನ್ನು ಮೊದಲ ಸಲ ಹಣ ಹಾಕುವ ಮುನ್ನವೇ ಮುಗಿಸಿಕೊಳ್ಳುವ ಹೊಸ ಆಟಗಾರನಿಗೆ ನಾನು ಈ ತಾಣವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.