ಮಂಡ್ಯದ ರಸ್ತೆಗಳಲ್ಲಿ ವರ್ಟಸ್ ಜಿಟಿ: ಇದನ್ನ ಸ್ಪೋರ್ಟ್ಸ್ ಸೆಡಾನ್ ಅನ್ನಬಹುದಾ?

ಗಾಡಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್. 1.5 ಲೀಟರಿನ ಟಿಎಸ್‌ಐ, ಅಂದರೆ ಟರ್ಬೊ ಪೆಟ್ರೋಲ್ ಎಂಜಿನ್, ಆರು ಗೇರಿನ ಮ್ಯಾನುವಲ್. ಮನೆಗೆ ಬಂದು ಎರಡು ಮಳೆಗಾಲ ಕಳೆದಿದೆ, ಮೀಟರ್ 30,000 ಕಿಲೋಮೀಟರ್ ದಾಟಿದೆ. ಓಡಾಟ ಜಾಸ್ತಿ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು ಕಡೆಗೆ, ಆಗಾಗ ಬೆಂಗಳೂರಿಗೆ. ಬಂಕಿನಲ್ಲಿ ನಿಲ್ಲಿಸಿದರೆ ಯಾರಾದರೂ ಒಬ್ಬರು ಬಂದು ಕೇಳುತ್ತಾರೆ, "ಎಷ್ಟು ಹೋಗುತ್ತೆ ಅಣ್ಣ, 180 ಮುಟ್ಟುತ್ತಾ?" ಅಂತ. ಕಾರನ್ನು ಸ್ಪೋರ್ಟ್ಸ್ ಸೆಡಾನ್ (ಡಿಕ್ಕಿ ಇರೋ ಫ್ಯಾಮಿಲಿ ಕಾರು, ಓಡಿಸೋಕೂ ಚುರುಕು) ಅಂತ ಕರೆಯಬಹುದಾ ಅಂತ ಆ ಪ್ರಶ್ನೆಯಿಂದ ಏನೂ ಗೊತ್ತಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ 100. ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುತ್ತಾರೆ, ಹಾಕಲೇಬೇಕು ಕೂಡ, ಆ ರಸ್ತೆಯಲ್ಲಿ ಆಗಿರೋ ಅಪಘಾತಗಳನ್ನು ನೋಡಿದ ಯಾರೂ ಅದಕ್ಕೆ ಬೇಡ ಅನ್ನಲ್ಲ. ನೇರ ರಸ್ತೆಯಲ್ಲಿ ಜೋರಾಗಿ ಹೋಗೋದು ಇವತ್ತು ಯಾವ ದೊಡ್ಡ ಡೀಸೆಲ್ ಎಸ್‌ಯುವಿಗೂ ಕಷ್ಟ ಅಲ್ಲ. ಹಾಗಾಗಿ ಟಾಪ್ ಸ್ಪೀಡ್ ಮಾತು ಪಕ್ಕಕ್ಕಿಡೋಣ.

ಸ್ಪೋರ್ಟ್ಸ್ ಸೆಡಾನ್‌ಗಳ ಹಿರಿಯ ಅಂದರೆ 1962ರಲ್ಲಿ ತಯಾರಾಗೋಕೆ ಶುರುವಾದ ಬಿಎಂಡಬ್ಲ್ಯು 1500. ಅದರ ಪವರ್ ಎಷ್ಟು ಗೊತ್ತಾ? 80 ಕುದುರೆ. ಇವತ್ತಿನ ಸ್ವಿಫ್ಟ್‌ನಷ್ಟೇ. ಆದರೆ ನಾಲ್ಕು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇತ್ತು, ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಾಲ್ಕು ಬಾಗಿಲು ಇತ್ತು. ಅದೇ ವರ್ಷ ಇಟಲಿಯಲ್ಲಿ ಆಲ್ಫಾ ರೋಮಿಯೊ ಜೂಲಿಯಾ ಬಂತು, ನೋಡೋಕೆ ಚೌಕಾಕಾರದ ಫ್ಯಾಮಿಲಿ ಕಾರು, ಒಳಗೆ ವಾಲ್ವ್ ತೆರೆಯೋ ದಂಡ ಎರಡಿರೋ ಟ್ವಿನ್ ಕ್ಯಾಮ್ ಎಂಜಿನ್, ಐದು ಗೇರು. 1985ರಲ್ಲಿ ಬಿಎಂಡಬ್ಲ್ಯುನ 286 ಕುದುರೆಯ ಮೊದಲ ಎಂ5 ಬರೋ ಹೊತ್ತಿಗೆ ಪವರ್ ಹೆಚ್ಚಿತ್ತು ನಿಜ, ಆದರೆ ಪವರ್ ಬಂದಿದ್ದು ಆಮೇಲೆ. ಮೊದಲು ಬಂದಿದ್ದು ತಿರುವಿನಲ್ಲಿ ನೆಟ್ಟಗೆ ನಿಲ್ಲೋ ಗುಣ.

ನಮ್ಮಲ್ಲೂ ಹಾಗೆಯೇ. ಫೋರ್ಡ್ ಐಕಾನ್ 1.6 ಓಡಿಸಿದವರನ್ನು ಕೇಳಿ, ಸ್ಟೀರಿಂಗ್ ಬಗ್ಗೆ ಈಗಲೂ ಕಣ್ಣರಳಿಸಿ ಮಾತಾಡುತ್ತಾರೆ. ಫಿಯೆಟ್ ಲೀನಿಯಾ ಟಿ-ಜೆಟ್ ಇಟ್ಟುಕೊಂಡವರೂ ಅಷ್ಟೇ. 0ಯಿಂದ 100 ಎಷ್ಟು ಸೆಕೆಂಡ್ ಅಂತ ಅವರು ಹೇಳಲ್ಲ, ಯಾವ ಘಾಟಿಯಲ್ಲಿ ಹೇಗೆ ಹೋಯ್ತು ಅಂತ ಹೇಳುತ್ತಾರೆ.

ಸ್ಪೋರ್ಟ್ಸ್ ಸೆಡಾನ್ ಅಂದರೆ ನನ್ನ ಲೆಕ್ಕ ಇಷ್ಟು. ನಾಲ್ಕು ಜನ ಆರಾಮಾಗಿ ಕೂರಬೇಕು, ಅವರ ಲಗೇಜ್ ಡಿಕ್ಕಿಗೆ ಹೋಗಬೇಕು, ಅದೇ ಕಾರು ಕೆಟ್ಟ ರಸ್ತೆಯ ತಿರುವಿನಲ್ಲಿ ಡ್ರೈವರ್ ಕೇಳಿದ್ದನ್ನು ಕೇಳಿದಷ್ಟೇ ಕೊಡಬೇಕು. ಸ್ಟೀರಿಂಗ್, ಬ್ರೇಕ್, ಗೇರು, ಬಾಡಿ, ಎಲ್ಲವೂ ಒಂದೇ ಮಾತು ಆಡಬೇಕು. ಒಂದು ಚುರುಕು, ಇನ್ನೊಂದು ಸೋಮಾರಿ ಆದರೆ ಬರೀ ಪವರ್ ಇರೋ ಕಾರು ಆಗುತ್ತದೆ ಅಷ್ಟೇ.

ಇದನ್ನು ನೋಡೋಕೆ ನನಗೆ ಸಿಕ್ಕ ಒಳ್ಳೆ ರಸ್ತೆ ಮೇಲುಕೋಟೆ ಕಡೆಯದು. ಜಕ್ಕನಹಳ್ಳಿ ದಾಟಿದ ಮೇಲೆ ಬೆಟ್ಟ ಹತ್ತುವಾಗ ತಿರುವು, ತಿರುವಿನಲ್ಲೇ ಒಂದು ತೇಪೆ, ತೇಪೆ ಮುಗಿಯುತ್ತಿದ್ದಂತೆ ಇನ್ನೊಂದು ತಿರುವು. ಇಲ್ಲಿ 50–60ರಲ್ಲೇ ಕಾರಿನ ಜಾತಕ ಗೊತ್ತಾಗುತ್ತದೆ. ಎತ್ತರದ ಗಾಡಿಗಳಲ್ಲಿ ಮೊದಲು ಬಾಡಿ ವಾಲುತ್ತದೆ, ಆಮೇಲೆ ಮೂಗು ತಿರುಗುತ್ತದೆ, ತೇಪೆ ಸಿಕ್ಕರೆ ಎರಡು ಮೂರು ಸಲ ಮೇಲೆ ಕೆಳಗೆ ಆಡಿ ಆಮೇಲೆ ಸುಮ್ಮನಾಗುತ್ತದೆ. ವರ್ಟಸ್‌ನಲ್ಲಿ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂಗು ತಿರುಗುತ್ತದೆ, ಬಾಡಿ ಸ್ವಲ್ಪವೇ ವಾಲಿ ಅಲ್ಲೇ ನಿಲ್ಲುತ್ತದೆ, ತೇಪೆ ಮೇಲೆ ಒಂದೇ ಸಲ ಕುಸಿದು ಎದ್ದು ಮುಗಿಯಿತು. ಡ್ಯಾಂಪರ್ ಅನ್ನೋದು ಸ್ಪ್ರಿಂಗಿನ ಕುಣಿತವನ್ನು ತಡೆಯೋ ಭಾಗ, ಅದನ್ನು ಸರಿಯಾಗಿ ಹೊಂದಿಸಿದ್ದಾರೆ ಅಂದರೆ ಅರ್ಥ ಇದೇ. ಕಳೆದ ಸಲ ಚೆಲುವನಾರಾಯಣನ ದರ್ಶನಕ್ಕೆ ಹೋದಾಗ ಅಮ್ಮ ಹಿಂದಿನ ಸೀಟಿನಲ್ಲಿ ಹೂವು, ತೆಂಗಿನಕಾಯಿ ಇದ್ದ ಬುಟ್ಟಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು, ಒಂದು ಕೈ ಮಾತ್ರ ಬುಟ್ಟಿ ಮೇಲೆ ಸುಮ್ನೆ ಇತ್ತು. ಬೆಟ್ಟ ಹತ್ತುವ ತನಕ ಬುಟ್ಟಿಯೂ ಜರುಗಲಿಲ್ಲ, ಬಾಗಿಲ ಮೇಲಿನ ಹಿಡಿಯನ್ನು ಅವರು ಹಿಡಿಯಲೂ ಇಲ್ಲ. ಹಳೇ ಕಾರಿನಲ್ಲಿ ಅದೇ ವೇಗಕ್ಕೆ ಅವರು ಹಿಡಿ ಬಿಡುತ್ತಲೇ ಇರಲಿಲ್ಲ. ಹಿಂದೆ ಕೂತವರಿಗೆ ಸುಸ್ತಾಗದ ಹಾಗೆ ಡ್ರೈವರ್‌ಗೆ ಖುಷಿ ಕೊಡೋದು ಬಹಳ ಕಷ್ಟದ ಕೆಲಸ, ನಾನು ಈ ಕಾರಿಗೆ ಜಾಸ್ತಿ ಮಾರ್ಕ್ಸ್ ಕೊಡೋದು ಅದಕ್ಕೇ.

ಎಂಜಿನ್ ವಿಷಯಕ್ಕೆ ಬರೋಣ. 1,498 ಸಿಸಿ, 150 ಪಿಎಸ್ (ಕುದುರೆ ಶಕ್ತಿ), 250 ಎನ್‌ಎಂ ಟಾರ್ಕ್, ಅಂದರೆ ಎಳೆಯೋ ಬಲ. ಟಾರ್ಕ್ ಪೂರ್ತಿ ಸಿಗೋದು ಎಂಜಿನ್ ನಿಮಿಷಕ್ಕೆ 1,600 ಸುತ್ತು (ಆರ್‌ಪಿಎಂ) ತಿರುಗುವಾಗಿಂದ 3,500ರ ತನಕ, ಈ ಕಾರಿನ ಸುಖ ಇರೋದೇ ಅಲ್ಲಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ರಸ್ತೆ ತುಂಬಾ ಟ್ರ್ಯಾಕ್ಟರ್, ಒಂದೊಂದಕ್ಕೆ ಎರಡು ಟ್ರೇಲರ್, ಎರಡೂ ಪಕ್ಕ ಚಾಚಿಕೊಂಡ ಕಬ್ಬು. ಅದರ ಹಿಂದೆ ತೆವಳುತ್ತಾ ಹೋಗಿ ಎದುರಿನ ರಸ್ತೆ ಪೂರ್ತಿ ಖಾಲಿ ಕಂಡಾಗ ಮೂರನೇ ಗೇರಿನಲ್ಲೇ ಪೆಡಲ್ ಒತ್ತಿದರೆ ಸಾಕು, ಗೇರು ಇಳಿಸೋ ಗಡಿಬಿಡಿ ಇಲ್ಲ, ಎದುರು ಸಾಲಿನಲ್ಲಿ ಇರೋ ಹೊತ್ತು ಕಡಿಮೆ ಆಗುತ್ತದೆ. ಪವರ್ ಬೇಕಾಗಿರೋದು ಇದಕ್ಕೆ. 1,500ರ ಕೆಳಗೆ ಮಾತ್ರ ಸಣ್ಣ ಟರ್ಬೊ ಎಂಜಿನ್ ಯಾವುದಾದರೂ ಸರಿ, ಸ್ವಲ್ಪ ಮಂಕು, ಊರೊಳಗೆ ಎರಡನೇ ಗೇರಿನಲ್ಲಿ ಇಡೋ ಅಭ್ಯಾಸ ಮಾಡಿಕೊಂಡರೆ ಆಯ್ತು.

ಡಿಎಸ್‌ಜಿ, ಅಂದರೆ ಫೋಕ್ಸ್‌ವ್ಯಾಗನ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಬಿಟ್ಟು ಮ್ಯಾನುವಲ್ ಯಾಕೆ ತಗೊಂಡೆ ಅಂತ ಬಹಳ ಜನ ಕೇಳಿದ್ದಾರೆ. ಡಿಎಸ್‌ಜಿ ಗೇರು ಬದಲಾಯಿಸೋ ವೇಗಕ್ಕೆ ನನ್ನ ಕೈ ಎಂದೂ ಸಾಟಿ ಅಲ್ಲ, ಮೈಸೂರಿನ ದಸರಾ ಟ್ರಾಫಿಕ್‌ನಲ್ಲಿ ಅದೇ ಸುಖ. ಆದರೆ ತಿರುವಿಗೆ ಮುಂಚೆ ಯಾವ ಗೇರು ಇರಬೇಕು ಅಂತ ನಾನೇ ತೀರ್ಮಾನ ಮಾಡೋದರಲ್ಲಿ ಒಂದು ಸಂತೋಷ ಇದೆ, ಅದನ್ನ ನಾನು ಬಿಟ್ಟುಕೊಡಲ್ಲ.

ಇನ್ನೊಂದು ವಿಶೇಷ, ಎಕ್ಸ್‌ಪ್ರೆಸ್‌ವೇಯಲ್ಲಿ ಆರನೇ ಗೇರಿನಲ್ಲಿ ಒಂದೇ ಸಮ ಹೋಗುವಾಗ ನಾಲ್ಕರಲ್ಲಿ ಮಧ್ಯದ ಎರಡು ಸಿಲಿಂಡರ್ ಕೆಲಸ ನಿಲ್ಲಿಸುತ್ತವೆ, ಹೊರೆ ಬಿದ್ದ ಕೂಡಲೇ ಮತ್ತೆ ಎದ್ದೇಳುತ್ತವೆ. ಮೀಟರಿನಲ್ಲಿ ಬರೆದು ತೋರಿಸದಿದ್ದರೆ ಗೊತ್ತೇ ಆಗಲ್ಲ. ನನಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಲೀಟರಿಗೆ 18ರ ಸುತ್ತಮುತ್ತ, ಮೈಸೂರು ಊರೊಳಗೆ 11–12 ಸಿಗುತ್ತಿದೆ. ಈಗ ಬರೋ ಪೆಟ್ರೋಲಿನಲ್ಲಿ 20% ಎಥೆನಾಲ್ (ಕಬ್ಬಿನಿಂದಲೂ ತಯಾರಾಗೋ ಇಂಧನ), ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯೋದು ಸಹಜ. ಕಬ್ಬು ಬೆಳೆಯೋ ಜಿಲ್ಲೆಯವನಾಗಿ ನನಗೆ ಅದರ ಬಗ್ಗೆ ಬೇಸರ ಇಲ್ಲ.

ಬ್ರೇಕ್ ಬಗ್ಗೆ ಹೇಳಲೇಬೇಕು. ಹಿಂದಿನ ಚಕ್ರಗಳಿಗೆ ಹಳೇ ಬಗೆಯ ಡ್ರಮ್ ಬ್ರೇಕ್. ಈ ಬೆಲೆಗೆ, ಜಿಟಿ ಅನ್ನೋ ಹೆಸರಿಗೆ, ನಾಲ್ಕೂ ಡಿಸ್ಕ್ ಇರಬೇಕಿತ್ತು ಅನ್ನೋ ಮಾತನ್ನು ನಾನೂ ಒಪ್ಪುತ್ತೇನೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬರೋದರಿಂದ ನಿಲ್ಲಿಸೋ ಕೆಲಸದಲ್ಲಿ ಹೆಚ್ಚು ಪಾಲು ಮುಂದಿನ ಡಿಸ್ಕ್‌ಗಳದ್ದೇ, ದಿನದ ಓಡಾಟದಲ್ಲಿ ಡ್ರಮ್‌ನಿಂದ ಕೊರತೆ ಕಂಡಿಲ್ಲ. ಒಂದು ರಾತ್ರಿ ಪಾಂಡವಪುರದಿಂದ ವಾಪಸ್ ಬರುವಾಗ ತಿರುವಿನ ಆಚೆ ಕಬ್ಬಿನ ಟ್ರೇಲರ್ ನಿಂತಿತ್ತು. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಒಂದು ಕಲ್ಲು ಕೂಡ ಇಟ್ಟಿರಲಿಲ್ಲ. ತಿರುಗುತ್ತಲೇ ಬ್ರೇಕ್ ಒತ್ತಬೇಕಾಯಿತು, ಚಕ್ರ ಲಾಕ್ ಆಗದ ಹಾಗೆ ತಡೆಯೋ ಎಬಿಎಸ್ ಕಾಲಿಗೆ ಗುದ್ದಿತು, ಕಾರು ಹಿಡಿದ ಸಾಲು ಬಿಡದೆ ನಿಂತಿತು. ಹಿಂಬದಿ ಜಾರಲಿಲ್ಲ, ಸ್ಟೀರಿಂಗ್ ಎಳೆಯಲಿಲ್ಲ. ಪಕ್ಕದಲ್ಲೇ ನಾಲೆ. 2018ರಲ್ಲಿ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಬಿದ್ದು 30 ಜನ ಹೋದರಲ್ಲ, ಅದನ್ನು ಈ ಭಾಗದವರು ಯಾರೂ ಮರೆತಿಲ್ಲ. ನಾಲೆ ಏರಿ ಮೇಲೆ ಕಾರು ಓಡಿಸೋ ನಮಗೆ, ಗಾಡಿ ಹೇಳಿದ ಕಡೆಗೇ ಹೋಗೋದು ಶೋಕಿ ಅಲ್ಲ. ಸೇಫ್ಟಿ ಅಂತ ಬಂದರೆ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ ವರ್ಟಸ್‌ಗೆ 5 ಸ್ಟಾರ್ ಬಂದಿರೋದು ಗೊತ್ತಿರೋ ವಿಷಯವೇ, ಆದರೆ ಡಿಕ್ಕಿ ಆಗದ ಹಾಗೆ ನೋಡಿಕೊಳ್ಳೋ ಗುಣಕ್ಕೆ ಸ್ಟಾರ್ ಕೊಡೋರು ನಾವೇ.

ಈಗ ಎಲ್ಲಿ ಕಡಿಮೆ ಬೀಳುತ್ತದೆ ಅಂತ ನೋಡೋಣ. ಮುಂದಿನ ಚಕ್ರಗಳೇ ಕಾರನ್ನು ಎಳೆಯಬೇಕು, ಅವೇ ತಿರುಗಿಸಬೇಕು. ಮಳೆಯಲ್ಲಿ ಮೊದಲ ಗೇರಿನಲ್ಲಿ ಜೋರಾಗಿ ಒತ್ತಿದರೆ ಚಕ್ರ ಸುತ್ತಿ, ಹಿಡಿತ ತಪ್ಪಿತು ಅಂತ ಹೇಳೋ ಟ್ರ್ಯಾಕ್ಷನ್ ಲೈಟ್ ಮಿಣುಕುತ್ತದೆ. ಮೈಸೂರಿನ ಸ್ನೇಹಿತನ ಬಿಎಂಡಬ್ಲ್ಯು 3 ಸೀರೀಸ್ ಓಡಿಸಿದಾಗ ವ್ಯತ್ಯಾಸ ಕೈಗೇ ಗೊತ್ತಾಯ್ತು. ಅಲ್ಲಿ ತಳ್ಳೋ ಕೆಲಸ ಹಿಂದಿನ ಚಕ್ರದ್ದು, ಮುಂದಿನವು ತಿರುಗಿಸೋಕೆ ಮಾತ್ರ, ಹಾಗಾಗಿ ತಿರುವಿನಿಂದ ಹೊರಗೆ ಬರುವಾಗ ಪೆಡಲ್ ಒತ್ತಿದರೂ ಸ್ಟೀರಿಂಗ್ ನಿರಾಳವಾಗಿ ಇರುತ್ತದೆ. ವರ್ಟಸ್‌ನ ಸ್ಟೀರಿಂಗ್ ನಿಖರ, ಆದರೆ ಹಗುರ. ಟೈರಿನ ಕೆಳಗೆ ಮರಳಿದೆಯೋ ಒದ್ದೆ ಇದೆಯೋ ಅನ್ನೋ ಸುದ್ದಿ ಅಂಗೈಗೆ ಅಷ್ಟಾಗಿ ಬರಲ್ಲ. ಹಿಂದಿನ ಸಸ್ಪೆನ್ಷನ್ ಕೂಡ ಎರಡೂ ಚಕ್ರಕ್ಕೆ ಸೇರಿ ಒಂದೇ ತಿರುಚು ತೊಲೆ (ಟಾರ್ಷನ್ ಬೀಮ್). ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಸ್ವಲ್ಪ ತಾಗುತ್ತದೆ. ಇದೆಲ್ಲಾ ಸೇರಿಸಿದರೆ ನನ್ನ ತೀರ್ಪು ಮುಕ್ಕಾಲು ಪಾಲು ಸ್ಪೋರ್ಟ್ಸ್ ಸೆಡಾನ್. ಉಳಿದ ಕಾಲು ಪಾಲಿಗೆ ದುಡ್ಡು ಎರಡು ಮೂರು ಪಟ್ಟು ಬೇಕು. 2025ರಲ್ಲಿ ಭಾರತಕ್ಕೆ 100 ಮಾತ್ರ ಬಂದ 265 ಪಿಎಸ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಸುಮಾರು 50 ಲಕ್ಷ, ಅದು ಕೂಡ ಮುಂದಿನ ಚಕ್ರದ್ದೇ.

ಹಂಪ್‌ಗಳ ಬಗ್ಗೆ. ಮಂಡ್ಯ ಜಿಲ್ಲೆಯಲ್ಲಿ ಸೆಡಾನ್ ತಗೋಬೇಡ ಅಂತ ಹೇಳಿದವರೇ ಜಾಸ್ತಿ. ಖಾಲಿ ಕಾರಿಗೆ 179 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಈ ಜಾತಿಗೆ ಇದು ಒಳ್ಳೆ ಅಳತೆ. ನಾಲ್ಕು ಜನ ಕೂತು, 521 ಲೀಟರಿನ ಡಿಕ್ಕಿ ತುಂಬಿದರೆ ಕಡಿಮೆ ಆಗುತ್ತದೆ, ಆಗ ಊರವರೇ ಹಾಕಿದ ಚೂಪಾದ ಹಂಪ್‌ಗಳನ್ನು ಓರೆಯಾಗಿ ಹತ್ತಿಸಿ ಇಳಿಸುತ್ತೇನೆ. ತಳ ತಾಗಿದ್ದು ಬಹಳ ಅಪರೂಪ.

ಯಾರೂ ಸರಿಯಾಗಿ ಹೇಳದ ಒಂದು ವಿಷಯ ಟೈರು. ಅಳತೆ 205/55 ಆರ್16, ಅಂದರೆ 205 ಮಿ.ಮೀ. ಅಗಲ, 16 ಇಂಚಿನ ರಿಮ್. ಹೈವೇ ಪಕ್ಕದ ಒಂದು ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದಾಗ ನಾಲ್ಕಕ್ಕೂ 40 ಪಿಎಸ್‌ಐ ತನಕ ಗಾಳಿ ತುಂಬಿ "ಮೈಲೇಜ್ ಚೆನ್ನಾಗಿ ಬರುತ್ತೆ ಸಾರ್" ಅಂದು ಕಳಿಸಿದರು. ಅವತ್ತು ಮನೆಗೆ ಬರೋ ತನಕ ನನ್ನ ಕಾರು ನನ್ನದು ಅನ್ನಿಸಲೇ ಇಲ್ಲ. ಪ್ರತಿ ಕಲ್ಲಿಗೂ ಪುಟಿಯುತ್ತಿತ್ತು, ಒದ್ದೆ ರಸ್ತೆಯಲ್ಲಿ ಮೂಗು ತೇಲುತ್ತಿತ್ತು. ಕಾರಿಗೆ ಕಂಪನಿ ಅಂಟಿಸಿದ ಸ್ಟಿಕರ್‌ನಲ್ಲಿ ಇರೋ ಗಾಳಿಯ ಅಳತೆಗೆ ಇಳಿಸಿದ ಮೇಲೆ ಮತ್ತೆ ಮೊದಲಿನಂತಾಯ್ತು. ಕೋಟಿ ರೂಪಾಯಿ ಕಾರಾದರೂ ನೆಲ ಮುಟ್ಟೋದು ನಾಲ್ಕು ಅಂಗೈ ಅಗಲದಷ್ಟು ರಬ್ಬರು. ಟೈರ್ ಬದಲಾಯಿಸೋ ಕಾಲಕ್ಕೆ ಬಾಳಿಕೆ ಒಂದನ್ನೇ ನೋಡಿ ಗಟ್ಟಿ ರಬ್ಬರಿನದು ಹಾಕಿಸಬೇಡಿ, ಒದ್ದೆಯಲ್ಲಿ ಹಿಡಿತ ಹೇಗಿದೆ ಅಂತ ಕೇಳಿ.

ಬೆಲೆ ಜೊತೆಗೆ ಕರ್ನಾಟಕದ ರಸ್ತೆ ತೆರಿಗೆ ಲೆಕ್ಕ ಹಾಕಿಕೊಳ್ಳಿ, 10ರಿಂದ 20 ಲಕ್ಷದ ಕಾರಿಗೆ 17%. ಅದೇ ಎಂಜಿನ್, ಅದೇ ತಳಪಾಯದ ಸ್ಕೋಡಾ ಸ್ಲಾವಿಯಾ ಕೂಡ ನೋಡಿ, ನನಗೆ ಎರಡರ ನಡುವೆ ಓಡಿಸೋದರಲ್ಲಿ ದೊಡ್ಡ ಅಂತರ ಕಾಣಲಿಲ್ಲ.

ಟೆಸ್ಟ್ ಡ್ರೈವ್‌ಗೆ ಹೋದಾಗ ರಿಂಗ್ ರೋಡ್‌ನಲ್ಲಿ ಜೋರಾಗಿ ಓಡಿಸಿ ವಾಪಸ್ ಬರಬೇಡಿ, ಅದರಿಂದ ಏನೂ ತಿಳಿಯಲ್ಲ. ಮನೆಯವರನ್ನು ಹಿಂದೆ ಕೂರಿಸಿಕೊಂಡು, ತಿರುವೂ ಗುಂಡಿಯೂ ಇರೋ ರಸ್ತೆಗೆ ಹೋಗಿ, 50ರಲ್ಲಿ ಓಡಿಸಿ, ಮಧ್ಯೆ ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಶೋರೂಮಿನವರು ಅಷ್ಟು ದೂರ ಕೊಡಲ್ಲ ಅಂದರೆ ಇನ್ನೊಂದು ಶೋರೂಮಿಗೆ ಫೋನ್ ಮಾಡಿ, ಯಾರಾದರೂ ಒಬ್ಬರು ಕೊಟ್ಟೇ ಕೊಡುತ್ತಾರೆ.